ಇತಿಹಾಸ ಓದಿದರೆ ಮುಂದೇನು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದ್ವಿತೀಯ ಪಿಯು ಕಲಾ ವಿಭಾಗ ಮುಗಿಸಿದ್ದೇನೆ. ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಳ್ಳುವ ಆಸೆ. ‘ಅದನ್ನು ಓದಿ ಮೇಷ್ಟ್ರಾಗೋದು ಬಿಟ್ಟರೆ ಇನ್ನೇನಿದೆ’ ಅಂತಾರೆ ಅಪ್ಪ. ಯಾವ ಕಾಂಬಿನೇಷನ್ ಒಳ್ಳೆಯದು?
– ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ನಿಮ್ಮ ತಂದೆಯವರ ಆತಂಕ ತಳ್ಳಿಹಾಕುವಂಥದ್ದಲ್ಲ. ಬರೀ ಬಿ.ಎ. ಇಟ್ಟುಕೊಂಡು ಇತಿಹಾಸದ್ದೇ ಕೆಲಸ ಹುಡುಕುವುದು ಕಷ್ಟ. ಅದರ ಜೊತೆಗೆ ಬೇರೆಯವರಿಗೆ ಓದಲು ಬಾರದ ಒಂದು ಲಿಪಿಯೋ ಭಾಷೆಯೋ ಬಂದರೆ ಮಾತು ಬೇರೆ. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿ ಜಾರಿಯಲ್ಲಿದೆ. ನಾಗರಿಕ ಸೇವೆ ಗುರಿಯಾಗಿದ್ದರೆ ಇತಿಹಾಸ–ಅರ್ಥಶಾಸ್ತ್ರ–ರಾಜ್ಯಶಾಸ್ತ್ರ ಹೊಂದುತ್ತದೆ. ಶಾಸನ, ಪುರಾತತ್ವದತ್ತ ಒಲವಿದ್ದರೆ ಐಚ್ಛಿಕ ಕನ್ನಡ ಇರುವ ಕಾಂಬಿನೇಷನ್ ಹಿಡಿಯಿರಿ. ಹಳಗನ್ನಡ ಆಮೇಲೆ ಕಲಿತರಾಯಿತು ಎಂದು ಬಿಟ್ಟವರು ಎಂ.ಎ.ಯಲ್ಲಿ ತಿಣುಕುತ್ತಾರೆ. ಶಿಕ್ಷಕ ವೃತ್ತಿಯೂ ಮನಸ್ಸಿನಲ್ಲಿದ್ದರೆ ಸಮಾಜ ವಿಜ್ಞಾನ ಶಿಕ್ಷಕರ ಹಿಂದಿನ ನೇಮಕಾತಿ ಅಧಿಸೂಚನೆಯೊಂದನ್ನು ಈಗಲೇ ತೆರೆದು, ಯಾವ ಐಚ್ಛಿಕ ವಿಷಯಗಳನ್ನು ಕೇಳಿದ್ದಾರೆಂದು ನೋಡಿ. ಬಿ.ಎಡ್. ಮುಗಿದ ಮೇಲೆ ಕಾಂಬಿನೇಷನ್ ಬದಲಿಸಲಾಗದು.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇತಿಹಾಸ ಐಚ್ಛಿಕಕ್ಕೆ ತಲಾ 250 ಅಂಕಗಳ ಎರಡು ಪತ್ರಿಕೆ. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ಪ್ರಶ್ನೆಗಳು ಮಾತ್ರ ಇಂಗ್ಲಿಷ್, ಹಿಂದಿಯಲ್ಲಿರುತ್ತವೆ. ಮೊದಲ ಪತ್ರಿಕೆಯಲ್ಲಿ ನಕ್ಷೆಯ ಮೇಲೆ 20 ಸ್ಥಳ ಗುರುತಿಸಿ ಟಿಪ್ಪಣಿ ಬರೆಯುವ ಪ್ರಶ್ನೆಯೇ 50 ಅಂಕದ್ದು.

ಪ್ರಶ್ನೆ: ಶಾಸನ ಓದುವುದನ್ನು ಎಲ್ಲಿ ಕಲಿಯಬಹುದು? ಕಲಿತರೆ ಕೆಲಸ ಎಲ್ಲಿ?
– ಬಿ.ಎ. ಅಂತಿಮ ವರ್ಷ, ಗದಗ

ಉತ್ತರ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರಕ್ಕೇ ಪ್ರತ್ಯೇಕ ವಿಭಾಗವಿದೆ. ನಿಮಗೆ ಅದೇ ಹತ್ತಿರ. ಮೈಸೂರು ವಿಶ್ವವಿದ್ಯಾಲಯದಲ್ಲೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗಗಳಿವೆ.

ಕೆಲಸದ ವಿಷಯಕ್ಕೆ ಬಂದರೆ, ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ಶಾಖೆಯ ಮುಖ್ಯ ಕಚೇರಿ ಇರುವುದೇ ಮೈಸೂರಿನಲ್ಲಿ. ಉತ್ಖನನದ ಕಡೆ ಹೋಗುವವರಿಗೆ ಗ್ರೇಟರ್ ನೋಯ್ಡಾದಲ್ಲಿರುವ ಸರ್ವೇಕ್ಷಣದ್ದೇ ಪುರಾತತ್ವ ಸಂಸ್ಥೆಯಲ್ಲಿ, ಎಂ.ಎ. ಆದ ಮೇಲೆ, ಪ್ರವೇಶ ಪರೀಕ್ಷೆಯ ಮೂಲಕ ಎರಡು ವರ್ಷದ ಡಿಪ್ಲೊಮಾ ಇದೆ. ಕಡತಗಳ ಕಡೆ ಒಲವಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಉತ್ತರ ಕರ್ನಾಟಕದ ಮರಾಠಾ ಕಾಲದ ಕಾಗದಪತ್ರಗಳಿಗೆ ಮೋಡಿ ಲಿಪಿ, ಆದಿಲ್‌ಶಾಹಿ ದಾಖಲೆಗಳಿಗೆ ಪಾರ್ಸಿ (ಪರ್ಷಿಯನ್) ಭಾಷೆ ಬೇಕು. ಇವೆರಡನ್ನೂ ಓದಬಲ್ಲ ಕನ್ನಡಿಗರು ವಿರಳ. ಹೊಸಬರು ಇತ್ತ ಬರಲಿ ಎಂಬುದು ನಮ್ಮ ಮನಸಾರೆ ಆಸೆ.

ಲಿಪಿಯಷ್ಟೇ ಮುಖ್ಯವಾದದ್ದು ಕಾಲ ನಿರ್ಣಯ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ, ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ತಿಥಿಯಾದರೆ 79 ಕೂಡಿಸಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ, ಸಂವತ್ಸರವನ್ನು (ಅರವತ್ತು ವರ್ಷಗಳ ಚಕ್ರದಲ್ಲಿ ಆ ವರ್ಷದ ಹೆಸರು) ತಾಳೆ ನೋಡಿ. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಉಳಿದ ಶೇಷ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಹಂಪಿ ವಿರೂಪಾಕ್ಷ ಗುಡಿಯ ಕೃಷ್ಣದೇವರಾಯನ ಶಾಸನದಲ್ಲಿ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14 ಎಂದಿದೆ. ಲೆಕ್ಕ ಹಾಕಿದರೆ 1430ಕ್ಕೆ ಶೇಷ 2, ಅಂದರೆ ವಿಭವ. ಶುಕ್ಲ ಬರುವುದು 1431ಕ್ಕೆ. ಶಕವರ್ಷ ಹಿಡಿದರೆ 1509ರ ಫೆಬ್ರವರಿ, ಸಂವತ್ಸರ ಹಿಡಿದರೆ 1510ರ ಜನವರಿ. ಹೀಗೆ ಒಂದು ವರ್ಷ ಆಚೀಚೆ ಆದಾಗ ಎರಡನ್ನೂ ಬರೆದು, ಯಾವುದನ್ನು ಏಕೆ ಒಪ್ಪಿದಿರೆಂದು ಹೇಳಬೇಕು. ಈ ಸೂತ್ರ ತೀರ ಹಳೆಯ ಶಾಸನಗಳಿಗೆ ನೇರವಾಗಿ ಹೊಂದುವುದಿಲ್ಲ.

ಪ್ರಶ್ನೆ: ಎಂ.ಎ. ಕಿರುಪ್ರಬಂಧಕ್ಕೆ ನಮ್ಮೂರ ವೀರಗಲ್ಲಿನ ಬರಹದ ಪಡಿಯಚ್ಚು (ಕಾಗದದ ಮೇಲೆ ಮಸಿಯ ನಕಲು) ತೆಗೆಯುತ್ತಿದ್ದೇನೆ. ಕಾಗದ ಹರಿಯುತ್ತದೆ, ಇಲ್ಲವೇ ಅಕ್ಷರವೆಲ್ಲ ಕಪ್ಪಾಗುತ್ತದೆ. ಏನು ತಪ್ಪಾಗುತ್ತಿದೆ?
– ವಿದ್ಯಾರ್ಥಿ, ಶಿಕಾರಿಪುರ

ಉತ್ತರ: ಮಸಿ ಹೆಚ್ಚಾಗಿದೆ, ಕಾಗದ ಇನ್ನೂ ತೀರ ಒದ್ದೆಯಿರುವಾಗಲೇ ಹಚ್ಚುತ್ತಿದ್ದೀರಿ. ಕಲ್ಲನ್ನು ನೀರು, ನಾರಿನ ಬ್ರಷ್ಷಿನಿಂದ ತೊಳೆಯಿರಿ, ತಂತಿ ಬ್ರಷ್ ಬೇಡವೇ ಬೇಡ. ನೆನೆಸಿದ ಕಾಗದವನ್ನು ಹಾಸಿ, ನಡುವಿನಿಂದ ಅಂಚಿಗೆ ಒತ್ತುತ್ತ ಗಾಳಿಗುಳ್ಳೆ ಹೊರಡಿಸಿ. ಬ್ರಷ್ಷನ್ನು ಉಜ್ಜದೆ ನೇರವಾಗಿ ಬಡಿದರೆ ಕಾಗದ ಅಕ್ಷರದ ಕುಳಿಗೆ ಇಳಿಯುತ್ತದೆ, ಉಜ್ಜಿದರೆ ಹರಿಯುತ್ತದೆ. ನೀರಿನ ಹೊಳಪು ಹೋಗಿ ತೇವವಷ್ಟೇ ಉಳಿದಾಗ, ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ಹಗುರವಾಗಿ ನಾಲ್ಕೈದು ಸುತ್ತು ತಟ್ಟಿ. ಉಬ್ಬಿದ ಜಾಗ ಕಪ್ಪಾಗಬೇಕು, ಕುಳಿ ಬೆಳ್ಳಗೇ ಉಳಿಯಬೇಕು. ಬಿಸಿಲೇರಿದರೆ ಕಾಗದ ಬೇಗ ಒಣಗಿ ಏಳುತ್ತದೆ, ಬೆಳಗ್ಗೆಯೇ ಮುಗಿಸಿ. ಊರಿನವರ ಒಪ್ಪಿಗೆ ಪಡೆಯಿರಿ. ಕಲ್ಲು ಸಂರಕ್ಷಿತವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಮುಟ್ಟಬೇಡಿ.

ಫೋಟೊಗಾಗಿ ಸೀಮೆಸುಣ್ಣ, ಎಣ್ಣೆ, ಅರಿಶಿನ ಬಳಿಯಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಏಳುತ್ತದೆ. ಓದುವಾಗ ‘ಮ’, ‘ವ’ ಅದಲುಬದಲಾಗದಂತೆ ನೋಡಿ. ಹಳೆಯ ಶಾಸನಗಳಲ್ಲಿ ಎ–ಏ, ಒ–ಓ ಭೇದಕ್ಕೆ ಬೇರೆ ಗುರುತಿಲ್ಲ ಎಂಬುದೂ ನೆನಪಿರಲಿ.

‘ಅಪ್ರಕಟಿತ’ ಎಂದು ಬರೆಯುವ ಮುನ್ನ ಶಾಸನಗಳ ಪಾಠ ಪ್ರಕಟಿಸಿರುವ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ಶಿವಮೊಗ್ಗ ಸಂಪುಟಗಳಾದ 7 ಮತ್ತು 8ನ್ನು ಹುಡುಕಿ. ಅವು ಹಳೆಯ ತಾಲ್ಲೂಕು ಪ್ರಕಾರ ಜೋಡಿಸಿದವು, ಊರು ಬೇರೆ ತಾಲ್ಲೂಕಿನಲ್ಲಿ ಸಿಗಬಹುದು. (ಗದಗದವರಿಗೂ ಒಂದು ಮಾತು: ನಿಮ್ಮ ಭಾಗದ ಶಾಸನಗಳು ಹಳೆಯ ಆ ಸಂಪುಟಗಳಲ್ಲಿಲ್ಲ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೇ ಸಂಪುಟಗಳಲ್ಲಿ ನೋಡಿ.)

ಪ್ರಶ್ನೆ: ಎನ್‌ಇಟಿ ಬರೆಯಲೋ, ಕೆ-ಸೆಟ್ ಬರೆಯಲೋ? ಓದಿದ್ದೆಲ್ಲ ಕನ್ನಡ ಮಾಧ್ಯಮ.
– ಎಂ.ಎ. ವಿದ್ಯಾರ್ಥಿನಿ, ರಾಯಚೂರು

ಉತ್ತರ: ಎರಡೂ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳೇ, ಎನ್‌ಇಟಿ ರಾಷ್ಟ್ರಮಟ್ಟದ್ದು, ಕೆ-ಸೆಟ್ ರಾಜ್ಯದ್ದು. ಎರಡನ್ನೂ ಬರೆಯಿರಿ. ಕೆ-ಸೆಟ್‌ನ ಇತಿಹಾಸ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಅದು ರಾಜ್ಯದೊಳಗಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಸಂಶೋಧನೆಗೆ ಹಣ ಬೇಕಿದ್ದರೆ ಎನ್‌ಇಟಿಯ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ದಾರಿ: 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಎನ್‌ಇಟಿ ಪತ್ರಿಕೆ ಇಂಗ್ಲಿಷ್–ಹಿಂದಿಯಲ್ಲಿ ಮಾತ್ರ. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.