ಹೆರಿಗೆಯ ಬಿಲ್ಲಿಗಿಂತ ಮಗುವಿನ ಮೊದಲ ತೊಂಬತ್ತು ದಿನ ಮುಖ್ಯ

ಈ ಅಂಕಣಕ್ಕೆ ತಿಂಗಳಿಗೆ ನಾಲ್ಕೈದು ಪತ್ರಗಳಾದರೂ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತವೆ: "ಮನೆಯಲ್ಲಿ ಈಗ ಐದನೇ ತಿಂಗಳು, ಹೆರಿಗೆಯ ಖರ್ಚು ಕೊಡುವ ಪಾಲಿಸಿ ಯಾವುದು?" ಇದು ತಡವಾಗಿ ಕೇಳಿದ ಪ್ರಶ್ನೆ ಮಾತ್ರವಲ್ಲ, ಕೇಳಬೇಕಾದ ಪ್ರಶ್ನೆಯೂ ಅಲ್ಲ. ಮುಂಬಯಿಯ ನಮ್ಮ ಜನ ಹೆರಿಗೆಯ ಬಿಲ್ಲಿನ ಬಗ್ಗೆ ಇಷ್ಟು ಯೋಚಿಸಿ, ಹುಟ್ಟಲಿರುವ ಮಗುವಿನ ಬಗ್ಗೆ ಮತ್ತು ದುಡಿಯುವವರ ಜೀವದ ಬಗ್ಗೆ ಏನನ್ನೂ ಕೇಳದಿರುವುದನ್ನು ಕಂಡು ನನಗೆ ಬೇಸರವಾಗುತ್ತದೆ. ಆದ್ದರಿಂದ ಈ ಸಲ ಒಂದು ಪತ್ರಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. 

ಪ್ರಶ್ನೆ: ನಾವು ಡೊಂಬಿವಲಿಯವರು. ನನಗೆ ಈಗ ಐದನೇ ತಿಂಗಳು. ಪತಿಯ ಸಂಬಳ 90,000 ರೂಪಾಯಿ, ನನ್ನದು 48,000. ಮನೆ ಸಾಲ 42 ಲಕ್ಷ ಬಾಕಿ ಇದೆ. ಕಂತು ಬಿಟ್ಟು ಮನೆಖರ್ಚು ತಿಂಗಳಿಗೆ 45,000. ಪಿಎಫ್ ಮತ್ತು ಠೇವಣಿ ಸೇರಿ 12 ಲಕ್ಷ ಉಳಿತಾಯವಿದೆ. ಇಬ್ಬರ ಕಂಪನಿಯಲ್ಲೂ ಮೆಡಿಕ್ಲೇಮ್ (ಆಸ್ಪತ್ರೆ ಖರ್ಚಿನ ವಿಮೆ) ಇದೆ. ನನ್ನದರಲ್ಲಿ ಹೆರಿಗೆಗೆ 50,000 ರೂಪಾಯಿಯ ಮಿತಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಉಡುಪಿಯ ತವರಿಗೆ ಹೋಗುತ್ತೇನೆ. ಅರ್ಜಿಯಲ್ಲಿ ಗರ್ಭಿಣಿ ಎಂದು ಬರೆಯದಿದ್ದರೆ ಹೆರಿಗೆಯ ಪಾಲಿಸಿ ಈಗಲೂ ಮಾಡಿಸಬಹುದು ಎಂದು ಪರಿಚಯದ ಏಜೆಂಟರು ಹೇಳುತ್ತಾರೆ. ಇಂಥ ಸಮಯದಲ್ಲಿ ಜೀವವಿಮೆಯ ಮಾತೇ ಬೇಡ ಎಂದು ಅತ್ತೆಯವರು ಹೇಳುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ಮೊದಲು ಆ ಏಜೆಂಟರನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳುಹಿಸಿ. ಸ್ವಂತಕ್ಕೆ ಕೊಳ್ಳುವ ಆರೋಗ್ಯ ವಿಮೆಯಲ್ಲಿ ಹೆರಿಗೆಯ ಸೌಲಭ್ಯಕ್ಕೆ ಸಾಮಾನ್ಯವಾಗಿ ಒಂಬತ್ತು ತಿಂಗಳಿನಿಂದ ಮೂರು ವರ್ಷದವರೆಗೆ ಕಾಯುವ ಅವಧಿ ಇರುತ್ತದೆ, ಅದು ಮುಗಿಯುವವರೆಗೆ ಹೆರಿಗೆಯ ಖರ್ಚು ಸಿಗುವುದಿಲ್ಲ. ನಿಮ್ಮ ಸ್ಕ್ಯಾನ್ ವರದಿಯಲ್ಲಿ ಕೊನೆಯ ಮುಟ್ಟಿನ ದಿನಾಂಕವೂ ಹೆರಿಗೆಯ ನಿರೀಕ್ಷಿತ ದಿನಾಂಕವೂ ಅಚ್ಚಾಗಿರುತ್ತವೆ. ಕ್ಲೇಮು ಹಾಕಿದ ದಿನ ವಿಮಾ ಕಂಪನಿ ಕೇಳುವ ಮೊದಲ ಕಾಗದಗಳಲ್ಲಿ ಅದೂ ಒಂದು. ಸುಳ್ಳು ಹೊರಬಿದ್ದರೆ ಹೆರಿಗೆಯ ಹಣ ಮಾತ್ರವಲ್ಲ, ಇಡೀ ಪಾಲಿಸಿಯೇ ರದ್ದಾಗಬಹುದು. ಸತತ ಅರವತ್ತು ತಿಂಗಳು ಪಾಲಿಸಿ ನಡೆಸಿದವರ ಹಳೆಯ ಹೇಳಿಕೆಗಳನ್ನು ಕಂಪನಿ ಕೆದಕುವಂತಿಲ್ಲ ಎಂಬ ನಿಯಮವೂ ಸಾಬೀತಾದ ವಂಚನೆಗೆ ರಕ್ಷಣೆ ಕೊಡುವುದಿಲ್ಲ. ಏಜೆಂಟರಿಗೆ ಕಮಿಷನ್ ಮೊದಲ ತಿಂಗಳೇ ಸಿಗುತ್ತದೆ, ನಿಮಗೆ ಸುಳ್ಳಿನ ಫಲ ಆಸ್ಪತ್ರೆಯ ಕೌಂಟರಿನಲ್ಲಿ ಸಿಗುತ್ತದೆ.

ಹೆರಿಗೆಯ ಖರ್ಚು ಅನಿರೀಕ್ಷಿತವಲ್ಲ. ಅದು ಯಾವ ತಿಂಗಳಲ್ಲಿ ಬರುತ್ತದೆ, ಹೆಚ್ಚುಕಡಿಮೆ ಎಷ್ಟಾಗುತ್ತದೆ ಎಂಬುದು ನಿಮಗೆ ಈಗಲೇ ಗೊತ್ತು. ಆಸ್ಪತ್ರೆಯಲ್ಲಿ ಸಹಜ ಹೆರಿಗೆ ಮತ್ತು ಸಿಸೇರಿಯನ್ ಎರಡರ ಅಂದಾಜನ್ನೂ ಬರೆಸಿಕೊಳ್ಳಿ, ಸಿಸೇರಿಯನ್ ಮೊತ್ತದಿಂದ 50,000 ಕಳೆದು ಉಳಿದದ್ದನ್ನು ಮುಂದಿನ ನಾಲ್ಕು ತಿಂಗಳಲ್ಲಿ ಬೇರೆ ಖಾತೆಯಲ್ಲಿ ತೆಗೆದಿಡಿ. ಆ ವಿಷಯ ಅಲ್ಲಿಗೆ ಮುಗಿಯಿತು.

ಮುಗಿಯದಿರುವುದು ಮಗುವಿನ ವಿಷಯ. ದಿನ ತುಂಬುವ ಮೊದಲೇ ಹುಟ್ಟಿದರೆ, ಉಸಿರಾಟದ ತೊಂದರೆಯಾದರೆ, ಸೋಂಕು ತಗುಲಿದರೆ ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ವಾರಗಟ್ಟಲೆ ಇರಬೇಕಾಗಬಹುದು, ಆ ಬಿಲ್ಲು ಹೆರಿಗೆಯ ಬಿಲ್ಲನ್ನು ಎಷ್ಟೋ ಪಟ್ಟು ಮೀರಬಹುದು. ಸ್ವಂತದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ತೊಂಬತ್ತು ದಿನ ತುಂಬಿದ ಮಗುವನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಅದಕ್ಕೂ ಮೊದಲಿನ ರಕ್ಷಣೆ ಹೆರಿಗೆಯ ಸೌಲಭ್ಯವಿರುವ ಪಾಲಿಸಿಯಲ್ಲಿ ಮಾತ್ರ, ಅದೂ ಹಲವು ಕಡೆ ಹೆರಿಗೆಯ ಮಿತಿಯೊಳಗೇ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಹುಟ್ಟಿದ ದಿನದಿಂದಲೇ ಮಗುವಿಗೆ ರಕ್ಷಣೆ ಸಿಗುವುದು ಸಾಧ್ಯ. ನಿಮಗೆ ಇರುವ ದೊಡ್ಡ ಅನುಕೂಲ ಇದೇ. ಆದ್ದರಿಂದ ಈ ವಾರವೇ ಇಬ್ಬರೂ ತಮ್ಮ ತಮ್ಮ ಎಚ್‌ಆರ್‌ಗೆ ಇಮೇಲ್ ಬರೆದು ಕೇಳಿ: ಮಗುವಿಗೆ ಮೊದಲ ದಿನದಿಂದ ರಕ್ಷಣೆ ಇದೆಯೇ, ಇದ್ದರೆ ಅದು ಹೆರಿಗೆಯ 50,000ದ ಒಳಗೋ ಅಥವಾ ಕುಟುಂಬದ ಪೂರ್ತಿ ವಿಮಾ ಮೊತ್ತದಲ್ಲೋ, ಮತ್ತು ಹುಟ್ಟಿದ ಎಷ್ಟು ದಿನದೊಳಗೆ ಮಗುವನ್ನು ಸೇರಿಸಬೇಕು. ಉತ್ತರ ಬರವಣಿಗೆಯಲ್ಲೇ ಇರಲಿ. ಕ್ಯಾಂಟೀನಿನಲ್ಲಿ ಯಾರೋ ಹೇಳಿದ "ಎಲ್ಲಾ ಕವರ್ ಆಗುತ್ತದೆ" ಎಂಬ ಮಾತು ಆಸ್ಪತ್ರೆಯಲ್ಲಿ ನಡೆಯುವುದಿಲ್ಲ.

ಮೂರನೆಯ ಪ್ರಶ್ನೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನನ್ನ ಮೇಜಿನ ಮೇಲೆ ಒಂದು ಬಿಲ್ಲಿನ ಕಟ್ಟನ್ನು ತಂದಿಟ್ಟರು. ಪ್ರತಿ ಹಾಳೆಯ ಮೇಲೂ ರೋಗಿಯ ಹೆಸರಿನ ಜಾಗದಲ್ಲಿ "ಬೇಬಿ ಆಫ್" ಎಂದು ಬರೆದು ಮುಂದೆ ತಾಯಿಯ ಹೆಸರಿತ್ತು. ಮೂವತ್ತೆರಡು ವಾರಕ್ಕೇ ಹುಟ್ಟಿದ ಮಗು, ಹತ್ತೊಂಬತ್ತು ದಿನ ಎನ್‌ಐಸಿಯು. ಮಗು ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಊರಿನಲ್ಲಿ ನಾಮಕರಣ ಮಾಡಿ, ಹೆಸರಿರುವ ಜನನ ಪ್ರಮಾಣಪತ್ರ ಕೈಗೆ ಬಂದ ನಂತರವೇ ಅವರು ಪಾಲಿಸಿಗೆ ಮಗುವನ್ನು ಸೇರಿಸಲು ಹೋಗಿದ್ದರು. ಕೊಟ್ಟಿದ್ದ ಮೂವತ್ತು ದಿನಗಳು ಅಷ್ಟರೊಳಗೆ ಕಳೆದಿದ್ದವು. ಕ್ಲೇಮು ತಿರಸ್ಕೃತವಾಯಿತು, ನಾನು ಬರೆದ ಮೂರು ಪತ್ರಗಳಿಂದಲೂ ಏನೂ ಆಗಲಿಲ್ಲ. ಮಗುವಿಗೆ ಹೆಸರಿಡುವುದಕ್ಕೂ ಪಾಲಿಸಿಗೆ ಸೇರಿಸುವುದಕ್ಕೂ ಸಂಬಂಧವಿಲ್ಲ. ಹೆಸರಿಲ್ಲದೆಯೇ ಹುಟ್ಟಿದ ದಿನಾಂಕ, ಲಿಂಗ ಮತ್ತು ಆಸ್ಪತ್ರೆಯ ಡಿಸ್ಚಾರ್ಜ್ ಪತ್ರದ ಆಧಾರದ ಮೇಲೆ ಸೇರಿಸಲು ಅರ್ಜಿ ಕೊಡಿ. ಜನನ ನೋಂದಣಿಯನ್ನು ಇಪ್ಪತ್ತೊಂದು ದಿನದೊಳಗೆ ಮಾಡಿಸಿ; ಅದಕ್ಕೂ ಹೆಸರು ಬೇಕಿಲ್ಲ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ನಂತರ ಸೇರಿಸಬಹುದು. ನೀವು ಉಡುಪಿಯಲ್ಲಿ ಬಾಣಂತನದಲ್ಲಿರುತ್ತೀರಿ, ಈ ಕೆಲಸ ಡೊಂಬಿವಲಿಯಲ್ಲಿರುವ ಪತಿಯದು. ಹುಟ್ಟಿದ ಮರುದಿನವೇ ಅವರು ಇಮೇಲ್ ಕಳುಹಿಸಲಿ.

ಯಾರ ಪಾಲಿಸಿಗೆ ಸೇರಿಸಬೇಕು? ಅವಕಾಶವಿದ್ದರೆ ಇಬ್ಬರದಕ್ಕೂ ಸೇರಿಸಿ. ಹೆರಿಗೆ ರಜೆ ಮುಗಿದ ಮೇಲೆ ನೀವು ಕೆಲಸ ಬಿಡುವ ನಿರ್ಧಾರಕ್ಕೆ ಬಂದರೆ, ಕೊನೆಯ ದಿನದಂದೇ ನಿಮ್ಮ ಗ್ರೂಪ್ ಪಾಲಿಸಿ ನಿಲ್ಲುತ್ತದೆ, ಅದರೊಂದಿಗೆ ಮಗುವಿನದೂ ನಿಲ್ಲುತ್ತದೆ. ಇದೇ ಕಾರಣಕ್ಕೆ ಕಂಪನಿಯ ವಿಮೆ ಇದ್ದರೂ ಸ್ವಂತದ ಒಂದು ಕುಟುಂಬ ಪಾಲಿಸಿ ಬೇಕು. ಈಗ ಪತಿಯ ಹೆಸರಿನಲ್ಲಿ ಆರಂಭಿಸಿ, ಹೆರಿಗೆಯ ನಂತರ ನಿಮ್ಮನ್ನೂ, ತೊಂಬತ್ತು ದಿನ ತುಂಬಿದ ಮೇಲೆ ಮಗುವನ್ನೂ ಸೇರಿಸಿ.

ರೈಲು ಹತ್ತುವ ಮುನ್ನ ಇನ್ನೊಂದು ಕೆಲಸ. ಉಡುಪಿಯಲ್ಲಿ ನೀವು ಆರಿಸಿರುವ ಆಸ್ಪತ್ರೆ ನಿಮ್ಮ ಪಾಲಿಸಿಯ ಆಸ್ಪತ್ರೆಗಳ ಪಟ್ಟಿಯಲ್ಲಿದೆಯೇ ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೂ, ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಕೇಳಬಹುದು ಎಂಬ ವ್ಯವಸ್ಥೆ 2024ರ ಜನವರಿಯಿಂದ ಇದೆ. ನಿಗದಿತ ದಾಖಲಾತಿಗೆ 48 ಗಂಟೆ ಮೊದಲು, ತುರ್ತಿನಲ್ಲಾದರೆ ದಾಖಲಾದ 48 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಆದರೆ ಆಸ್ಪತ್ರೆ ಒಪ್ಪದಿದ್ದರೆ ಅದು ನಡೆಯುವುದಿಲ್ಲ, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ಕೋಣೆಯ ಬಾಡಿಗೆಯ ಮಿತಿಯನ್ನೂ ಓದಿಕೊಳ್ಳಿ. ದಿನಕ್ಕೆ 4,000ದ ಮಿತಿ ಇರುವಾಗ 8,000ದ ಕೋಣೆ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕೊಟ್ಟರೆ ಸಾಕೆಂದು ಜನ ಭಾವಿಸುತ್ತಾರೆ. ಹಾಗಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯಂಥ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ ಇಳಿಸುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ.

ಇನ್ನು ಜೀವವಿಮೆ. ಅತ್ತೆಯವರ ಅಳುಕು ನನಗೆ ಅರ್ಥವಾಗುತ್ತದೆ. ಬಸುರಿಯ ಮುಂದೆ ಸಾವಿನ ಮಾತು ಆಡಬಾರದೆಂಬ ಅವರ ಕಾಳಜಿಗೆ ಗೌರವ ಕೊಡಿ. ಅರ್ಜಿಗೆ ಸಹಿ ಹಾಕಬೇಕಾದವರು ನಿಮ್ಮ ಪತಿ. ಅವರು ಆ ಮಾತನ್ನು ಮನೆಯ ಹೊರಗೆ ಆಡಿ ಮುಗಿಸಲಿ, ಆದರೆ ಮುಂದೂಡುವುದು ಬೇಡ. ಲೆಕ್ಕ ಹೀಗಿದೆ. ಮನೆಖರ್ಚು ವರ್ಷಕ್ಕೆ 5.4 ಲಕ್ಷ, ಬೆಲೆ ಏರಿಕೆಯೂ ಠೇವಣಿಯ ಬಡ್ಡಿಯೂ ಒಂದಕ್ಕೊಂದು ಸರಿಹೋಗುತ್ತವೆಂದು ಹಿಡಿದರೆ ಇಪ್ಪತ್ತು ವರ್ಷಕ್ಕೆ 1.08 ಕೋಟಿ. ಸಾಲದ 42 ಲಕ್ಷ, ಮಗುವಿನ ಉನ್ನತ ಶಿಕ್ಷಣಕ್ಕೆ 20 ಲಕ್ಷ ಸೇರಿಸಿದರೆ 1.70 ಕೋಟಿ. ಉಳಿತಾಯದ 12 ಲಕ್ಷ ಕಳೆದರೆ 1.58 ಕೋಟಿ. ಪತಿಯ ಹೆಸರಿನಲ್ಲಿ 1.60 ಕೋಟಿಯ ಟರ್ಮ್ ಪಾಲಿಸಿ, ಅಂದರೆ ನಿಗದಿತ ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವ ಜೀವವಿಮೆ, ತೆಗೆದುಕೊಳ್ಳಿ. ನಿಮ್ಮ ಸಂಬಳವನ್ನು ಈ ಲೆಕ್ಕದಿಂದ ನಾನು ಬೇಕೆಂದೇ ಕಳೆದಿಲ್ಲ. ಒಂಟಿಯಾಗಿ ಮಗು ಸಾಕುವ ತಾಯಿ ಮೊದಲಿನಂತೆಯೇ ದುಡಿಯಬಲ್ಲಳೆಂದು ಕಾಗದದ ಮೇಲೆ ಬರೆಯುವುದಕ್ಕೆ ನನಗೆ ಧೈರ್ಯವಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ; ಶೇ. 18 ಸೇರಿಸಿ ಪ್ರೀಮಿಯಂ (ವಿಮೆಯ ಕಂತು) ಹೇಳುವವರ ಲೆಕ್ಕವನ್ನು ಒಪ್ಪಬೇಡಿ.

ಪಾಲಿಸಿ ಮಾಡುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಫಾರ್ಮನ್ನು ತುಂಬಿಸಿ. ಆಗ ಆ ಹಣ ಹೆಂಡತಿ ಮಕ್ಕಳ ಪಾಲಿನ ಟ್ರಸ್ಟ್ ಆಗುತ್ತದೆ, ಗಂಡನಿಗೆ ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ. ನಂತರ ಸೇರಿಸುತ್ತೇನೆಂದರೆ ಆಗದು. ಪತಿಯ ಪಿಎಫ್ ಖಾತೆಯನ್ನೂ ತೆರೆದು ನೋಡಿ. ಮದುವೆಗೆ ಮುಂಚೆ ತಂದೆತಾಯಿಯರ ಹೆಸರಿಗೆ ಮಾಡಿದ್ದ ನಾಮನಿರ್ದೇಶನ ಮದುವೆಯೊಂದಿಗೇ ಅಸಿಂಧುವಾಗಿರುತ್ತದೆ. ಪಿಎಫ್ ಜೊತೆಗಿರುವ ವಿಮೆಯಿಂದ ಕುಟುಂಬಕ್ಕೆ 7 ಲಕ್ಷದವರೆಗೆ ಸಿಗಬಹುದು, ಅದಕ್ಕೂ ಇದೇ ನಾಮನಿರ್ದೇಶನ ಬೇಕಾಗುತ್ತದೆ.

ನಿಮ್ಮ ಹೆಸರಿನ ಟರ್ಮ್ ಪಾಲಿಸಿಯೂ ಅಗತ್ಯ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅನೇಕ ಕಂಪನಿಗಳು ಅರ್ಜಿಯನ್ನು ಹೆರಿಗೆಯ ನಂತರಕ್ಕೆ ಮುಂದೂಡುತ್ತವೆ. ಈಗಲೇ ಸತ್ಯ ಬರೆದು ಅರ್ಜಿ ಹಾಕಿ ನೋಡಿ, ಮುಂದೂಡಿದರೆ ಹೆರಿಗೆಯಾದ ಕೆಲವು ತಿಂಗಳ ಮೇಲೆ ಮತ್ತೆ ಹಾಕಿ. ಈ ನಡುವೆ ಸಕ್ಕರೆ ಅಥವಾ ರಕ್ತದೊತ್ತಡ ಏರಿದ್ದರೆ ಅದನ್ನೂ ಬರೆಯಿರಿ.

ಪ್ರಶ್ನೆ: ಹುಟ್ಟುವ ಮಗುವಿನ ಹೆಸರಿನಲ್ಲೇ ಜೀವವಿಮೆ ಮಾಡಿಸಬಹುದೇ? (ಪಿಂಪ್ರಿ)

ಉತ್ತರ: ಬೇಡ, ಮಗುವಿನ ದುಡಿಮೆಯ ಮೇಲೆ ಯಾರೂ ಬದುಕುತ್ತಿಲ್ಲ, ಆ ಹಣವನ್ನು ನಿಮ್ಮ ಟರ್ಮ್ ಪಾಲಿಸಿಗೆ ಹಾಕಿ.

ಪ್ರಶ್ನೆ: ಹೊಕ್ಕುಳಬಳ್ಳಿಯ ರಕ್ತವನ್ನು ಕಾಯ್ದಿಡುವುದು ಮಗುವಿಗೆ ಮಾಡಿಸುವ ಜೀವಮಾನದ ವಿಮೆ ಎನ್ನುತ್ತಾರೆ, ನಿಜವೇ? (ಘಾಟ್ಕೋಪರ್)

ಉತ್ತರ: ನಿಜವಲ್ಲ, ಅದು ವಿಮೆಯೂ ಅಲ್ಲ. ಮಗುವಿನ ರಕ್ತವನ್ನು ಮುಂದೆ ಅದೇ ಮಗುವಿಗೆ ಬಳಸಲೆಂದು ಕಾಯ್ದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಚೊಚ್ಚಲ ಬಸುರಿಯ ಭಯವನ್ನೇ ಬಂಡವಾಳ ಮಾಡಿಕೊಂಡು, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಇದನ್ನು ಮಾರುವವರ ಮೇಲೆ ನನಗೆ ಸಿಟ್ಟಿದೆ.

ಪ್ರಶ್ನೆ: ಮೊದಲ ವರ್ಷದ ಕಂತಿನಲ್ಲಿ ಅರ್ಧವನ್ನು ಏಜೆಂಟರು ವಾಪಸು ಕೊಡುತ್ತೇನೆ ಎನ್ನುತ್ತಾರೆ. (ಮುಲುಂಡ್)

ಉತ್ತರ: ವಿಮಾ ಕಾಯ್ದೆಯ 41ನೇ ಕಲಮಿನಡಿ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ.

ಪ್ರಶ್ನೆ: ಮಡಗಾಂವ್‌ನ ಹೋಟೆಲಿನಲ್ಲಿ ಕೆಲಸ, ಸಂಬಳ 17,000, ನೌಕರರ ಸರ್ಕಾರಿ ವಿಮೆಯಾದ ಇಎಸ್‌ಐ ಕಡಿತವಾಗುತ್ತದೆ. ಹೆಂಡತಿಗೆ ಈಗ ನಾಲ್ಕನೇ ತಿಂಗಳು. ಬೇರೆ ಪಾಲಿಸಿ ಕೊಳ್ಳಲೇ?

ಉತ್ತರ: ಮೊದಲು ಇರುವುದನ್ನು ಬಳಸಿ. ತಿಂಗಳಿಗೆ 21,000ದವರೆಗೆ ಸಂಬಳವಿರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮ ಸಂಬಳದಿಂದ ಹೋಗುವುದು ಶೇ. 0.75, ಮಾಲೀಕರು ಕೊಡುವುದು ಶೇ. 3.25. ನಿಮ್ಮ ಪತ್ನಿಗೆ ತಪಾಸಣೆ, ಹೆರಿಗೆ, ಹುಟ್ಟುವ ಮಗುವಿಗೆ ಚಿಕಿತ್ಸೆ ಎಲ್ಲವೂ ಅದರಲ್ಲಿವೆ. ಇಪ್ಪತ್ತಾರು ವಾರಗಳ ವೇತನದ ಸೌಲಭ್ಯ ಸ್ವತಃ ಇಎಸ್‌ಐ ಸದಸ್ಯೆಯಾಗಿ ದುಡಿಯುವ ಹೆಂಗಸರಿಗೆ ಮಾತ್ರ, ಅದನ್ನು ನಿರೀಕ್ಷಿಸಬೇಡಿ. ಊರಿನಿಂದ ಬಂದು ಹೋಟೆಲಿನಲ್ಲಿ ದುಡಿಯುವ ನಮ್ಮ ಎಷ್ಟೋ ಹುಡುಗರ ಇಎಸ್‌ಐ ದಾಖಲೆಯಲ್ಲಿ ಮದುವೆಯಾಗಿ ವರ್ಷಗಳಾದರೂ ಹೆಂಡತಿಯ ಹೆಸರೇ ಇರುವುದಿಲ್ಲ. ನಾಳೆಯೇ ಮಾಲೀಕರ ಮೂಲಕ ಪತ್ನಿಯ ಹೆಸರನ್ನು, ಆಧಾರ್ ಮತ್ತು ಫೋಟೋ ಸಮೇತ, ಸೇರಿಸಿಸಿ. ಹೆರಿಗೆಗೆ ಅವರು ಊರಿಗೆ ಹೋಗುವುದಿದ್ದರೆ ಅಲ್ಲಿಗೆ ಹತ್ತಿರದ ಇಎಸ್‌ಐ ಚಿಕಿತ್ಸಾಲಯ ಯಾವುದೆಂದು ಮಡಗಾಂವ್‌ನ ಚಿಕಿತ್ಸಾಲಯದಲ್ಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.