ಆಸ್ಪತ್ರೆಗೆ ಚಿಕಿತ್ಸೆಗಿಷ್ಟು ಎಂದು ಕೊಡುವ ಬದಲು ವರ್ಷಕ್ಕಿಷ್ಟು ಎಂದು ಕೊಟ್ಟರೆ ಖರ್ಚು ಹಿಡಿತಕ್ಕೆ ಬರುತ್ತದೆಯೇ? ಮೇರಿಲ್ಯಾಂಡ್‌ನಲ್ಲಿ ಏನಾಯಿತು?

ಬರುತ್ತದೆ. ಆದರೆ ಹಣ ಕಟ್ಟುವವರೆಲ್ಲ ಒಂದೇ ದರಪಟ್ಟಿಗೆ ಒಪ್ಪಿರಬೇಕು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಆಸ್ಪತ್ರೆ ದರ ಗೊತ್ತುಮಾಡಲು 1971ರಲ್ಲೇ ಸ್ವತಂತ್ರ ಆಯೋಗ ರಚಿಸಿತು. 1977ರಲ್ಲಿ ಹಿರಿಯರ ಮೆಡಿಕೇರ್ ಯೋಜನೆಯೂ ಆ ದರಕ್ಕೆ ಒಳಪಟ್ಟಿತು. ಆದರೂ ದರವನ್ನಷ್ಟೇ ಕಟ್ಟಿಹಾಕಿದ್ದರಿಂದ ಆಸ್ಪತ್ರೆಗಳು ದಾಖಲಾತಿ ಹೆಚ್ಚಿಸಿಕೊಂಡು ಆದಾಯ ಬೆಳೆಸಿದವು. ಹಾಗಾಗಿ 2014ರಲ್ಲಿ ಒಟ್ಟು ಆದಾಯಕ್ಕೇ ಮಿತಿ ಬಂತು.

ಲೆಕ್ಕ ಹೀಗಿದೆ. ಹಿಂದಿನ ಆದಾಯವನ್ನು ಆಧಾರವಾಗಿಟ್ಟು, ಬೆಲೆಯೇರಿಕೆ, ಜನಸಂಖ್ಯೆ, ಗುಣಮಟ್ಟದ ಅಂಕ ನೋಡಿ ವರ್ಷದ ಮೊತ್ತ ಗೊತ್ತುಮಾಡುತ್ತಾರೆ. ಬಿಲ್ ಮಾತ್ರ ಎಂದಿನಂತೆ ಸೇವೆಗಿಷ್ಟು ಎಂದೇ ಹೋಗುತ್ತದೆ. ಒಂದು ಆಸ್ಪತ್ರೆಯ ಮೊತ್ತ 20 ಕೋಟಿ ಡಾಲರ್ ಎನ್ನಿ. ರೋಗಿಗಳು ಶೇ 3ರಷ್ಟು ಕಡಿಮೆಯಾದರೆ, ದರವನ್ನು ಸುಮಾರು ಶೇ 3ರಷ್ಟು ಏರಿಸಿ ಆ 20 ಕೋಟಿಯನ್ನು ತುಂಬಿಕೊಳ್ಳಬಹುದು. ರೋಗಿಗಳು ಹೆಚ್ಚಾದರೆ ದರ ಇಳಿಸಲೇಬೇಕು. ಶೇ 5ರವರೆಗಿನ ಏರಿಳಿತಕ್ಕೆ ಅನುಮತಿ ಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಆಯೋಗವನ್ನು ಕೇಳಬೇಕು. ತಡೆಯಬಹುದಾದ ದಾಖಲಾತಿ ತಡೆದರೆ ಆಸ್ಪತ್ರೆಗೆ ನಷ್ಟವಿಲ್ಲ ಎಂಬುದೇ ಇದರ ಜೀವಾಳ. 2014ರ ಒಪ್ಪಂದದಲ್ಲಿದ್ದ, ತಲಾ ಆಸ್ಪತ್ರೆ ವೆಚ್ಚದ ಏರಿಕೆ ವರ್ಷಕ್ಕೆ ಶೇ 3.58 ದಾಟಬಾರದು, 5 ವರ್ಷದಲ್ಲಿ ಮೆಡಿಕೇರ್‌ಗೆ 33 ಕೋಟಿ ಡಾಲರ್ ಉಳಿಸಬೇಕು ಎಂಬ ಎರಡೂ ಗುರಿ ಈಡೇರಿದವು.

ತೊಡಕು ಬರುವುದು ಅಂಚಿನಲ್ಲಿ. ಆಸ್ಪತ್ರೆ ತನ್ನ ಸ್ಕ್ಯಾನಿಂಗನ್ನು ಹೊರಗಿನ ಕೇಂದ್ರಕ್ಕೆ ಸಾಗಿಸಿದರೆ ಅದರ ವರ್ಷದ ಮೊತ್ತ, ಅಂದರೆ ಬಜೆಟ್, ಹಾಗೇ ಉಳಿದು, ವಿಮೆ ಕಂಪನಿ ಅದೇ ಸೇವೆಗೆ ಎರಡು ಸಲ ಹಣ ತೆತ್ತಂತಾಗುತ್ತದೆ. ಇದನ್ನು ಕಂಡುಹಿಡಿದು ಬಜೆಟ್ ಕತ್ತರಿಸುವುದು ನಿಜಕ್ಕೂ ಕಷ್ಟದ ಕೆಲಸ. ವೈದ್ಯರ ಶುಲ್ಕವೂ ಬಜೆಟ್‌ನ ಹೊರಗೇ ಇತ್ತು. ಅವರಿಗೆ ಹೆಚ್ಚು ನೋಡಿದಷ್ಟೂ ಹೆಚ್ಚು ದುಡ್ಡು, ಆಸ್ಪತ್ರೆಗೆ ಕಡಿಮೆ ನೋಡಿದರೆ ಲಾಭ. ಈ ಎಳೆದಾಟ ಸರಿಪಡಿಸಲೆಂದೇ 2019ರ ಹೊಸ ಒಪ್ಪಂದ ಆಸ್ಪತ್ರೆಯ ಹೊರಗಿನ ವೆಚ್ಚವನ್ನೂ ಲೆಕ್ಕಕ್ಕೆ ತಂದಿತು.

ಕರ್ನಾಟಕಕ್ಕೆ ಇದನ್ನು ನೇರವಾಗಿ ತರಲಾಗದು. ಆರೋಗ್ಯ ಕರ್ನಾಟಕ, ಯಶಸ್ವಿನಿ, ಇಎಸ್ಐ, ಖಾಸಗಿ ವಿಮೆ ಎಲ್ಲಕ್ಕೂ ಬೇರೆ ಬೇರೆ ದರ; ಜೇಬಿನಿಂದ ಕಟ್ಟುವವರಿಗೆ ದರಪಟ್ಟಿಯ ರಕ್ಷಣೆಯೇ ಇಲ್ಲ. ಒಬ್ಬರ ಮೊತ್ತಕ್ಕೆ ಮಿತಿ ಹಾಕಿದರೆ ಆಸ್ಪತ್ರೆ ಇನ್ನೊಬ್ಬರ ಬಿಲ್ ಏರಿಸುತ್ತದೆ. ಪ್ರಯೋಗ ಮಾಡುವುದಾದರೆ ಮೇರಿಲ್ಯಾಂಡ್ 2010ರಲ್ಲಿ ಮಾಡಿದಂತೆ, ಸುತ್ತಲಿನ ಜನ ಬೇರೆಡೆ ಹೋಗುವುದು ಕಡಿಮೆ ಇರುವ ಗ್ರಾಮೀಣ ಆಸ್ಪತ್ರೆಗಳಿಂದ ಶುರುಮಾಡಬೇಕು. ಅದಕ್ಕೂ ಮೊದಲು ಪ್ರತಿ ದಾಖಲಾತಿಯಲ್ಲಿ ರೋಗಿಯ ಊರಿನ ಪಿನ್‌ಕೋಡ್ ತಪ್ಪದೆ ನಮೂದಾಗಲಿ. ಅದಿಲ್ಲದೆ ರೋಗಿ ಗುಣವಾಗಿ ಬರುವುದು ನಿಂತಿತೋ, ಪಕ್ಕದ ಆಸ್ಪತ್ರೆಗೆ ಹೋದನೋ ತಿಳಿಯುವುದಿಲ್ಲ.