400% ಡಿವಿಡೆಂಡ್ ಅಂದರೆ ಹಣ ನಾಲ್ಕು ಪಟ್ಟಾಗುವುದಲ್ಲ

ನೀವು ಕೇಳಿದ್ದು: ಶಿರಸಿಯಲ್ಲಿರುವ ತಂದೆಯವರ ಡಿಮ್ಯಾಟ್ ಖಾತೆಯಲ್ಲಿ (ಷೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆ) ಒಂದು ಕಂಪನಿಯ 50 ಷೇರು ಇದ್ದವು. ಕಂಪನಿ 400% ಡಿವಿಡೆಂಡ್ (ಲಾಭದ ಪಾಲು) ಘೋಷಿಸಿದೆ, ₹10 ಮುಖಬೆಲೆಯ (ಪೇಟೆ ಬೆಲೆಯಲ್ಲ, ಕಂಪನಿ ಷೇರಿಗೆ ನಮೂದಿಸಿದ ಬೆಲೆ) ಷೇರನ್ನು ₹2ರ ಐದಾಗಿ ಒಡೆದಿದೆ. ₹2,400 ಇದ್ದ ಪೇಟೆ ಬೆಲೆ ಇವತ್ತು ₹480 ತೋರಿಸುತ್ತಿದೆ. ನಷ್ಟವಾಯಿತೇ? ಡಿವಿಡೆಂಡ್ ಹಣಕ್ಕೆ ತಾನಾಗಿಯೇ ಮತ್ತೆ ಷೇರು ಬರುವಂತೆ ಮಾಡಬಹುದೇ?

ನಷ್ಟವಾಗಿಲ್ಲ. 50 ಷೇರು 250 ಆಗುತ್ತವೆ, ಒಟ್ಟು ಮೌಲ್ಯ ಅದೇ ₹1,20,000. ಮುಖಬೆಲೆ ಬದಲಾದಾಗ ಷೇರಿನ ಗುರುತಿನ ಸಂಖ್ಯೆಯಾದ ಐಎಸ್‌ಐಎನ್ ಕೂಡ ಬದಲಾಗುತ್ತದೆ. ಹಳೆಯ ಷೇರು ಹೋಗಿ ಹೊಸದು ಜಮೆಯಾಗುವವರೆಗೆ ಒಂದೆರಡು ದಿನ ಆ್ಯಪ್ 80% ನಷ್ಟ ಎಂದು ಕೆಂಪಗೆ ತೋರಿಸಬಹುದು. ಆಗ ಗಾಬರಿಯಿಂದ ಏನನ್ನೂ ಮಾರಬೇಡಿ. ಹಳೆಯ ಬೆಲೆಗೆ ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಆರ್ಡರ್) ಹಾಕಿಟ್ಟಿದ್ದರೆ ಅದು ರದ್ದಾಗಿದೆಯೇ ಎಂದು ಮಾತ್ರ ಇವತ್ತೇ ನೋಡಿ. ಮುಂದೆ ಮಾರಿದಾಗ ತೆರಿಗೆ ಲೆಕ್ಕಕ್ಕೆ ಬೇಕಾಗುವುದರಿಂದ ಕೊಂಡ ಬೆಲೆಯನ್ನೂ ಐದರಿಂದ ಭಾಗಿಸಿ ಬರೆದಿಟ್ಟುಕೊಳ್ಳಿ. ಕೊಂಡ ದಿನಾಂಕ ಹಳೆಯದೇ.

ಇನ್ನು 400%. ನಮ್ಮ ಕಡೆ ಎಲ್ಲರಿಗೂ ಪರಿಚಯ ಇರುವುದು ಸೊಸೈಟಿ ಷೇರಿನ ಡಿವಿಡೆಂಡ್. ಅಲ್ಲಿ ₹100ರ ಷೇರಿಗೆ ಕೊಟ್ಟದ್ದೂ ₹100, ಹಾಗಾಗಿ 10% ಅಂದರೆ ಹಾಕಿದ ಹಣಕ್ಕೇ 10%. ಪೇಟೆಯ ಷೇರಿನಲ್ಲಿ ಶೇಕಡಾವಾರು ಎಣಿಸುವುದು ಮುಖಬೆಲೆಯ ಮೇಲೆ. ₹2ರ 400% ಅಂದರೆ ಷೇರಿಗೆ ₹8, 250 ಷೇರಿಗೆ ₹2,000. ₹480ಕ್ಕೆ ಹೋಲಿಸಿದರೆ 1.67% ಅಷ್ಟೇ. ಇದೊಂದು ಗೊಂದಲದಿಂದಲೇ ಎಷ್ಟೋ ಜನ ಅಡಿಕೆ ಮಾರಿದ ಹಣವನ್ನು ಡಿವಿಡೆಂಡಿನ ಹಿಂದಿನ ವಾರ ತಂದು ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಕ್ಸ್-ಡೇಟ್ ದಿನ (ಆ ದಿನದಿಂದ ಕೊಂಡವರಿಗೆ ಈ ಡಿವಿಡೆಂಡ್ ಇಲ್ಲ) ಬೆಲೆ ಹೆಚ್ಚುಕಡಿಮೆ ಆ ₹8ರಷ್ಟೇ ಕೆಳಗೆ ತೆರೆದುಕೊಳ್ಳುತ್ತದೆ, ಬಂದ ₹8ಕ್ಕೆ ತೆರಿಗೆ ಬೇರೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಷೇರುದಾರನ ಆದಾಯಕ್ಕೇ ಸೇರುತ್ತದೆ.

ತಾನಾಗಿಯೇ ಮರುಹೂಡಿಕೆಯಾಗುವ ಯೋಜನೆ ಅಮೆರಿಕದ ಕಂಪನಿಗಳಲ್ಲಿ ಸಾಮಾನ್ಯ, ಅಲ್ಲಿ ಷೇರಿನ ತುಣುಕೂ ಸಿಗುತ್ತದೆ. ನಮ್ಮಲ್ಲಿ ಅರ್ಧ ಷೇರು ಇಲ್ಲ, ಕೈಯಾರೆ ಕೊಳ್ಳಬೇಕು. ₹2,000ಕ್ಕೆ ನಾಲ್ಕು ಷೇರು ಬಂದು ₹80 ಉಳಿಯುತ್ತದೆ. ಬ್ರೋಕರ್ ಆರ್ಡರಿಗೆ ₹20 ತೆಗೆದುಕೊಳ್ಳುವವರಾದರೆ ಅಲ್ಲಿಗೇ 1% ಹೋಯಿತು. ಆದ್ದರಿಂದ ನಾನು ಹೇಳುವುದು: ವರ್ಷದ ಡಿವಿಡೆಂಡುಗಳನ್ನೆಲ್ಲ ಒಂದೇ ಉಳಿತಾಯ ಖಾತೆಗೆ ಬಿಟ್ಟು, ಹತ್ತು–ಹದಿನೈದು ಸಾವಿರವಾದಾಗ ಒಮ್ಮೆ ಕೊಳ್ಳಿ. ಮತ್ತೆ ಷೇರು ಕೊಂಡಿರಿ ಎಂದು ಡಿವಿಡೆಂಡಿನ ತೆರಿಗೆ ತಪ್ಪುವುದಿಲ್ಲ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ತಂದೆಯವರ ಡಿಮ್ಯಾಟಿಗೆ ಜೋಡಿಸಿದ ಬ್ಯಾಂಕ್ ಖಾತೆ. ಅದಕ್ಕೆ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಇರಬೇಕು. ಊರಿನ ಸೊಸೈಟಿಯ ಉಳಿತಾಯ ಪುಸ್ತಕ ಇದಕ್ಕೆ ಆಗುವುದಿಲ್ಲ. ಮುಚ್ಚಿದ ಖಾತೆ ಇದ್ದರೆ ಹಣ ವಾಪಸಾಗಿ ಕಂಪನಿಯ ಪಾವತಿಯಾಗದ ಡಿವಿಡೆಂಡ್ ಖಾತೆಯಲ್ಲಿ ಕೂರುತ್ತದೆ. ಸತತ ಏಳು ವರ್ಷ ಯಾವ ಡಿವಿಡೆಂಡನ್ನೂ ಪಡೆಯದಿದ್ದರೆ ಹಣದ ಜೊತೆ ಷೇರುಗಳೂ ಕೇಂದ್ರ ಸರ್ಕಾರದ ಐಇಪಿಎಫ್ ಎಂಬ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತವೆ. ಅಲ್ಲಿಂದ ಬಿಡಿಸಲು ಐಇಪಿಎಫ್-5 ಫಾರ್ಮ್ ತುಂಬಿ ತಿಂಗಳುಗಟ್ಟಲೆ ಓಡಾಡಬೇಕು. ತಂದೆಯವರ ಹಳೆಯ ಪಾಸ್‌ಬುಕ್ ತೆಗೆದು, ಹಿಂದಿನ ವರ್ಷಗಳ ಡಿವಿಡೆಂಡ್ ಒಂದಾದರೂ ಜಮೆಯಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಕಂಪನಿಯ ರಿಜಿಸ್ಟ್ರಾರ್‌ಗೆ (ಷೇರುದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆ) ಡಿಮ್ಯಾಟ್ ಸಂಖ್ಯೆ ಮತ್ತು ರದ್ದುಪಡಿಸಿದ ಚೆಕ್ಕಿನ ಪ್ರತಿಯೊಂದಿಗೆ ಈ ವಾರವೇ ಬರೆಯಿರಿ.